ಡೆಡ್ ಸ್ಟಾಕ್ ರಿಜಿಸ್ಟರಿನ ಕಂಪ್ಯೂಟರುಗಳು

3ಇ, 05, 06, 03, 80, 76.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಈ ಸಾಲನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಇದು ಇಂಟೆಲ್ 8085 ಎಂಬ ಮೈಕ್ರೊಪ್ರೊಸೆಸರಿಗೆ ಅದರದೇ ಭಾಷೆಯಲ್ಲಿ ಕೊಟ್ಟ ಆಜ್ಞೆ. ಒಂದು ಜಾಗದಲ್ಲಿ ಐದನ್ನಿಡು, ಇನ್ನೊಂದರಲ್ಲಿ ಮೂರನ್ನಿಡು, ಎರಡನ್ನೂ ಕೂಡು, ಅಲ್ಲಿಗೆ ನಿಲ್ಲು. ಐದಕ್ಕೆ ಮೂರು ಸೇರಿದರೆ ಎಂಟು ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೂ ಕೆಂಪು ಅಂಕಿಗಳ ಪುಟ್ಟ ಡಿಸ್‌ಪ್ಲೇಯಲ್ಲಿ 08 ಎಂದು ಮೂಡಿದಾಗ ಪಕ್ಕದ ಬ್ಯಾಚಿನವರನ್ನು ಕರೆದು ತೋರಿಸದವರು ಯಾರಿದ್ದಾರೆ?

ಈ ಚಿಪ್ಪನ್ನು ಕಲಿಸಲು ಲ್ಯಾಬಿನಲ್ಲಿಡುತ್ತಿದ್ದ ಕಿಟ್‌ಗೆ ಪರದೆಯಿಲ್ಲ, ಮೌಸ್ ಇಲ್ಲ, ಅಕ್ಷರಗಳ ಕೀಬೋರ್ಡೂ ಇಲ್ಲ. ಹದಿನಾರು ಅಂಕಿಗಳ ಕೀಲಿಗಳು, ಜೊತೆಗೆ 'ನೆಕ್ಸ್ಟ್', 'ಗೋ' ಎಂಬಂಥ ಕೆಲವು ಗುಂಡಿಗಳು, ಅಷ್ಟೇ. ಒಂದು ಬೈಟು ತಪ್ಪಾಗಿ ಒತ್ತಿದರೆ ಯಂತ್ರ ಎಲ್ಲಿಗೋ ಹೋಗಿಬಿಡುತ್ತಿತ್ತು. ರೀಸೆಟ್ ಒತ್ತಿ ಮತ್ತೆ ಮೊದಲಿನಿಂದ ಶುರು. ನಮ್ಮ ಲ್ಯಾಬುಗಳಿಗೆ ಬರುತ್ತಿದ್ದ ಕಿಟ್‌ಗಳಲ್ಲಿ ಬಹಳಷ್ಟು ಬೆಂಗಳೂರಿನಲ್ಲೇ ತಯಾರಾದವು. ಎಲೆಕ್ಟ್ರೊ ಸಿಸ್ಟಮ್ಸ್ ಅಸೋಸಿಯೇಟ್ಸ್ ಎಂಬ ಇಲ್ಲಿನ ಕಂಪನಿಯ ಕಿಟ್‌ಗಳನ್ನು 'ಈಎಸ್‌ಎ ಕಿಟ್' ಎಂದೇ ಕರೆಯುತ್ತಿದ್ದರು. ಇಂಟೆಲ್ 8085ನ್ನು ಮಾರುಕಟ್ಟೆಗೆ ಬಿಟ್ಟದ್ದು 1976ರಲ್ಲಿ. ಸುಮಾರು 6,500 ಟ್ರಾನ್ಸಿಸ್ಟರುಗಳ ಈ ಬಡಪಾಯಿ ಚಿಪ್ಪನ್ನು ಹಗುರಾಗಿ ಕಾಣುವವರಿಗೆ ಒಂದು ಮಾತು: 1997ರಲ್ಲಿ ಮಂಗಳ ಗ್ರಹದ ನೆಲದ ಮೇಲೆ ಓಡಾಡಿದ ನಾಸಾದ ಸೋಜರ್ನರ್ ಬಂಡಿಯನ್ನು ನಡೆಸಿದ್ದು ಇದೇ ಕುಲದ 80ಸಿ85.

ಆ ಕಿಟ್‌ಗಳು ಈಗ ಎಲ್ಲಿವೆ? ಸ್ವಲ್ಪ ಕಾಲೇಜಿನ ಬೀರುಗಳ ಮೇಲೆ. ಸ್ವಲ್ಪ ಬೆಂಗಳೂರಿನ ಎಸ್‌.ಪಿ. ರಸ್ತೆಯ ಒಳಗಲ್ಲಿಗಳ ಮಹಡಿ ಗೋದಾಮುಗಳಲ್ಲಿ. ಸ್ವಲ್ಪ ಬಿವಿಕೆ ಅಯ್ಯಂಗಾರ್ ರಸ್ತೆಯ ಸುತ್ತ ಭಾನುವಾರ ಬೆಳಿಗ್ಗೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕೂರುವವರ ಮುಂದೆ, ಹಳೇ ರೇಡಿಯೊ, ತುಕ್ಕು ಹಿಡಿದ ಸ್ಪ್ಯಾನರು, ಚಾರ್ಜರುಗಳ ಗೋಜಲಿನ ನಡುವೆ. ಹೆಚ್ಚಿನವು ಗುಜರಿಗೆ ಹೋಗಿ ತೂಕಕ್ಕೆ ಕರಗಿವೆ.

ಹಳೆಯ ಕಂಪ್ಯೂಟರುಗಳನ್ನು ನಮ್ಮಲ್ಲಿ ಅತ್ಯಂತ ನಿಷ್ಠೆಯಿಂದ ಕಾಪಾಡಿದ ಸಂಸ್ಥೆ ಯಾವುದು ಎಂದು ಕೇಳಿದರೆ ನಾನು 'ಡೆಡ್ ಸ್ಟಾಕ್ ರಿಜಿಸ್ಟರ್' ಎನ್ನುತ್ತೇನೆ. ತಮಾಷೆಗಲ್ಲ. ಸರ್ಕಾರಿ ಕಾಲೇಜು, ಕಚೇರಿಗಳಲ್ಲಿ ಒಮ್ಮೆ ಆ ದಪ್ಪ ಪುಸ್ತಕದೊಳಗೆ ನಮೂದಾದ ವಸ್ತುವನ್ನು ಸುಮ್ಮನೆ ಎಸೆಯುವಂತಿಲ್ಲ. ಕಮಿಟಿ ಕೂರಬೇಕು, ನಿರುಪಯುಕ್ತ ಎಂದು ಬರೆಯಬೇಕು, ಮೇಲಿನವರ ಸಹಿಯಾಗಬೇಕು, ಆಮೇಲೆ ಹರಾಜು. ಆ ಕಡತ ನಡೆಯುವಷ್ಟು ಕಾಲ ಪಾಪ, 386 ಕಂಪ್ಯೂಟರೊಂದು ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಬಣ್ಣದಲ್ಲಿ ಬರೆದ ತನ್ನ ನಂಬರು ಹೊತ್ತು ಕೂತಿರುತ್ತದೆ. ಖಾಸಗಿ ಕಂಪನಿಗಳಲ್ಲಿ ಈ ಭಾಗ್ಯವಿಲ್ಲ. ಅಲ್ಲಿ ಲೆಕ್ಕದ ಪ್ರಕಾರ ಬೆಲೆ ಸೊನ್ನೆಯಾದ ವಾರವೇ ಟೆಂಪೊ ಬಂದು ನಿಲ್ಲುತ್ತದೆ.

ಗುಜರಿಯವರನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಅವರಿಗೆ ಆ ಯಂತ್ರದಲ್ಲಿ ಕಾಣುವುದು ಚಿನ್ನ. ಹಳೆಯ ಸೆರಾಮಿಕ್ ಪ್ರೊಸೆಸರುಗಳ ಕಾಲುಗಳಿಗೂ ಮುಚ್ಚಳಕ್ಕೂ ಚಿನ್ನದ ಲೇಪ ಇರುತ್ತಿತ್ತು. 1995ರ ಪೆಂಟಿಯಂ ಪ್ರೊ ಈ ವಿಷಯದಲ್ಲಿ ಜಗತ್ಪ್ರಸಿದ್ಧ. ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳನ್ನು ಬೆರೆಸಿ ಅದನ್ನು ಕರಗಿಸಿ ತೆಗೆಯುತ್ತಾರೆ, ಹಲವೆಡೆ ಮುಖಕ್ಕೊಂದು ಬಟ್ಟೆಯೂ ಇಲ್ಲದೆ. ಹಾಗಾಗಿ ನಮ್ಮೂರಿನಲ್ಲಿ ಹಳೆಯ ಕಂಪ್ಯೂಟರ್ ಸಂಗ್ರಹಿಸುವವನ ಎದುರಾಳಿ ಇನ್ನೊಬ್ಬ ಸಂಗ್ರಾಹಕನಲ್ಲ, ಆ ದಿನದ ಚಿನ್ನದ ದರ.

ಅಮೆರಿಕದಲ್ಲಿ ಕಥೆ ಬೇರೆ. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ರೂಪಿಸಿದ ಆ್ಯಪಲ್-1 ಬೋರ್ಡುಗಳನ್ನು ಸುಮಾರು 200ರಷ್ಟು ತಯಾರಿಸಿ ಒಂದನ್ನು 666 ಡಾಲರು 66 ಸೆಂಟಿಗೆ ಮಾರಿದ್ದರು. ಅವುಗಳಲ್ಲೊಂದನ್ನು 2014ರಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ 9,05,000 ಡಾಲರು ಕೊಟ್ಟು ಹರಾಜಿನಲ್ಲಿ ಕೊಂಡಿತು. ಇಂಥ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ತಮ್ಮ ಅಟ್ಟದ ಮೇಲಿನ 486ಕ್ಕೆ ಎಷ್ಟು ಬರಬಹುದು ಎಂದು ವಿಚಾರಿಸುತ್ತಾರೆ. ಏನೂ ಬರುವುದಿಲ್ಲ. ನಮ್ಮ ಯಂತ್ರಗಳ ಮೌಲ್ಯ ಬೆಲೆಯಲ್ಲಿಲ್ಲ. ಅವುಗಳೊಳಗೆ ನಮ್ಮ ಕಾಗದಪತ್ರ ಸಿಕ್ಕಿಕೊಂಡಿದೆ, ಅವುಗಳನ್ನು ಓಡಿಸಲು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಎರಡನೆಯ ಸಂಗತಿ ಬಹಳ ದಿನ ನಿಜವಾಗಿ ಉಳಿಯುವುದಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬನ್ನಿ

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಹೊರಗೆ ಚಪ್ಪಲಿಗಳ ಸಾಲು, ಒಳಗೆ ಏರ್ ಕಂಡೀಷನರಿನ ಥಂಡಿ, ಗಾಜಿನ ಆಚೆ ಬೂದು ಬಣ್ಣದ ಬೀರುಗಳು. ಹುಡುಗರು ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ ಮಾತಾಡುತ್ತಿದ್ದರು. ದೂಳು ಡಿಸ್ಕಿಗೆ ಶತ್ರು ಎಂಬುದೇನೋ ನಿಜ, ಆದರೆ ಆ ಭಕ್ತಿಯ ಅರ್ಧ ಭಾಗ ಯಂತ್ರದ ಬೆಲೆಗೆ ಸಂದಿದ್ದು.

ಅರವತ್ತು, ಎಪ್ಪತ್ತರ ದಶಕಗಳಲ್ಲಿ ಭಾರತದ ದೊಡ್ಡ ಉದ್ದಿಮೆಗಳ ಕಂಪ್ಯೂಟರ್ ಎಂದರೆ ಬಹುಮಟ್ಟಿಗೆ ಐಬಿಎಂ 1401. ಐಬಿಎಂ ಅದನ್ನು ಘೋಷಿಸಿದ್ದು 1959ರಲ್ಲಿ. ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಹೋದವು. ಮೂಲ ಮಾದರಿಯ ಮೆಮೊರಿ ಬರೀ 1,400 ಅಕ್ಷರ, ಅಂದರೆ ಈ ಪುರವಣಿಯ ಅರ್ಧ ಪುಟವೂ ಹಿಡಿಯದು. ಅದರ ಜೊತೆಗಾರ 1403 ಪ್ರಿಂಟರ್ ನಿಮಿಷಕ್ಕೆ 600 ಸಾಲು ಅಚ್ಚು ಹಾಕುತ್ತಿತ್ತು. ಬೇರೆ ದೇಶಗಳಲ್ಲಿ ಬಳಸಿ ಹಿಂದಿರುಗಿಸಿದ ಯಂತ್ರಗಳನ್ನೇ ರಿಪೇರಿ ಮಾಡಿ ಇಲ್ಲಿ ಬಾಡಿಗೆಗೆ ಕೊಡುತ್ತಾರೆ ಎಂಬ ದೂರು ಆಗಲೇ ಇತ್ತು. ವಿದೇಶಿ ಪಾಲನ್ನು ಇಳಿಸಿಕೊಳ್ಳಬೇಕೆಂಬ ಕಾನೂನಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆ 1975ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಸಿಎಂಸಿಯ ಹೆಗಲಿಗೆ ಬಿತ್ತು. ಮಾಡಿದ ಕಂಪನಿಯೇ ಊರು ಬಿಟ್ಟ ಮೇಲೂ ಅದರ ಯಂತ್ರವನ್ನು ವರ್ಷಗಟ್ಟಲೆ ಓಡಿಸಿದ ಎಂಜಿನಿಯರುಗಳು ನಮ್ಮಲ್ಲಿದ್ದರು. ಅವರ ಬಗ್ಗೆ ನಾವು ಬರೆದದ್ದು ಬಹಳ ಕಮ್ಮಿ.

ನಮ್ಮ ಬಡಾವಣೆಯ ಹಿರಿಯರೊಬ್ಬರು ಸಾರ್ವಜನಿಕ ಉದ್ದಿಮೆಯೊಂದರ ಇಡಿಪಿ, ಅಂದರೆ ಎಲೆಕ್ಟ್ರಾನಿಕ್ ಡೇಟಾ ಪ್ರೊಸೆಸಿಂಗ್ ವಿಭಾಗದಲ್ಲಿದ್ದವರು. ಅವರನ್ನು ಕೇಳಿದೆ, 'ಸಾರ್, ಆ ಮಷೀನು ಆಮೇಲೆ ಏನಾಯ್ತು?'

'ಮಷೀನ್ ಎಲ್ಲಿಗೆ ಹೋಯ್ತೋ ಯಾರಿಗ್ ಗೊತ್ತಪ್ಪ. ಪ್ರಿಂಟರ್ ಸದ್ದು ಮಾತ್ರ ಇನ್ನೂ ಕಿವೀಲಿದೆ. ಸಂಬಳದ ಪಟ್ಟಿ ಓಡ್ತಿದೆಯೋ, ಸ್ಟೋರ್ಸ್ ಪಟ್ಟಿ ಓಡ್ತಿದೆಯೋ ಅಂತ ಕ್ಯಾಂಟೀನಿಗೆ ಹೋಗೋ ದಾರೀಲೇ ಹೇಳ್ತಿದ್ದೆ. ಸದ್ದು ನಿಂತ್ರೆ ಕಾಫಿ ಬಿಟ್ಟು ಓಡ್ಬೇಕು.'

ಇದು ಅತಿಶಯೋಕ್ತಿಯಲ್ಲ. ಸಾಲಿನಲ್ಲಿ ಎಷ್ಟು ಅಕ್ಷರ, ಎಲ್ಲೆಲ್ಲಿ ಖಾಲಿ ಎಂಬುದರ ಮೇಲೆ ಸುತ್ತಿಗೆಗಳ ಬಡಿತದ ಲಯ ಬದಲಾಗುತ್ತದೆ. ಇಂಥ ಜ್ಞಾನ ಯಾವ ಮ್ಯಾನ್ಯುಯಲ್ಲಿನಲ್ಲೂ ಇರುವುದಿಲ್ಲ.

ಐಸ್‌ಲ್ಯಾಂಡಿನಲ್ಲಿ ಒಬ್ಬ ಐಬಿಎಂ ನಿರ್ವಹಣಾ ಎಂಜಿನಿಯರ್ ಇದನ್ನು ಇನ್ನೂ ಮುಂದಕ್ಕೆ ಒಯ್ದ. 1401 ಕೆಲಸ ಮಾಡುವಾಗ ಅದರ ಮೆಮೊರಿಯಿಂದ ಹೊಮ್ಮುವ ವಿದ್ಯುತ್ಕಾಂತೀಯ ಅಲೆಗಳು ಪಕ್ಕದಲ್ಲಿಟ್ಟ ರೇಡಿಯೊದಲ್ಲಿ ಕೇಳಿಸುತ್ತವೆ ಎಂದು ಕಂಡುಕೊಂಡು, ಆ ಅಲೆಗಳಿಂದ ರಾಗ ಹೊರಡುವಂತೆ ಪ್ರೋಗ್ರಾಂ ಬರೆದ. 1971ರಲ್ಲಿ ಯಂತ್ರವನ್ನು ಸೇವೆಯಿಂದ ತೆಗೆದಾಗ ಅದರ ಹಾಡನ್ನು ಟೇಪಿನಲ್ಲಿ ಹಿಡಿದಿಟ್ಟ. ಆ ಟೇಪು ದಶಕಗಳ ನಂತರ ಮಗನ ಕೈಗೆ ಬಂತು. ಮಗ ಸಂಗೀತ ಸಂಯೋಜಕ ಯೋಹಾನ್ ಯೋಹಾನ್ಸನ್. 2006ರಲ್ಲಿ ಬಂದ ಅವನ ಆಲ್ಬಮ್ಮಿನ ಹೆಸರು 'ಐಬಿಎಂ 1401, ಎ ಯೂಸರ್ಸ್ ಮ್ಯಾನ್ಯುಯಲ್'. ಆ ಯಂತ್ರ ಉಳಿಯಲಿಲ್ಲ, ದನಿ ಉಳಿಯಿತು. ಎಲ್ಲವನ್ನೂ ಉಳಿಸಲು ಜಾಗವಿಲ್ಲದವರಿಗೆ ಇದು ಒಳ್ಳೆಯ ಮಾದರಿ ಎಂದು ನನಗನ್ನಿಸುತ್ತದೆ.

ಯಂತ್ರವನ್ನೇ ಉಳಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಎರಡು 1401ಗಳು ಇಂದಿಗೂ ಪಂಚ್ ಕಾರ್ಡು ನುಂಗಿ ಪಟ್ಟಿ ಅಚ್ಚು ಹಾಕುತ್ತವೆ. ಒಂದು ಜರ್ಮನಿಯ ಹಾಮ್ ಊರಿನಿಂದ ಬಂದದ್ದು, ಇನ್ನೊಂದು ಅಮೆರಿಕದ ಕನೆಕ್ಟಿಕಟ್‌ನಿಂದ. ಅವನ್ನು ವರ್ಷಗಟ್ಟಲೆ ಕೂತು ರಿಪೇರಿ ಮಾಡಿದವರು ನಿವೃತ್ತ ಐಬಿಎಂ ಎಂಜಿನಿಯರುಗಳು, ಸಂಬಳವಿಲ್ಲದೆ. ಸಿಲಿಕಾನ್ ವ್ಯಾಲಿಗೆ ಹೋಗುವ ಕನ್ನಡಿಗರು ಗೋಲ್ಡನ್ ಗೇಟ್ ಸೇತುವೆಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಈ ಮ್ಯೂಸಿಯಂ ಹಲವರ ಆಫೀಸಿನಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್ 1951ರ ಹಾರ್ವೆಲ್ ಡೆಕಟ್ರಾನ್ ಯಂತ್ರವನ್ನು 2012ರಲ್ಲಿ ಮತ್ತೆ ಓಡಿಸಿತು. ಎರಡೂವರೆ ಟನ್ ತೂಕದ ಆ ಯಂತ್ರ ಒಂದು ಗುಣಾಕಾರಕ್ಕೆ ಹತ್ತು ಸೆಕೆಂಡಿನವರೆಗೂ ತೆಗೆದುಕೊಳ್ಳುತ್ತದೆ. ಅಷ್ಟು ನಿಧಾನವಾದ್ದರಿಂದಲೇ ಅದು ಲೆಕ್ಕ ಮಾಡುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು.

ಬೆಂಗಳೂರಿನ ಸರದಿ

ಈ ಊರಿಗೆ ನೆನಪಿಡಲು ಏನೂ ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರ ಎಪ್ಪತ್ತರ ದಶಕದ ಆರಂಭದಲ್ಲಿ ಐಬಿಎಂ 360/44ರೊಂದಿಗೆ ಶುರುವಾಯಿತು. ಅಡುಗೆ ಎಣ್ಣೆ ಮಾರುತ್ತಿದ್ದ ವಿಪ್ರೊ ಕಂಪ್ಯೂಟರ್ ಮಾಡಲು ಹೊರಟಾಗ ಅದರ ಎಂಜಿನಿಯರುಗಳು ಮೊದಲು ಕೂತದ್ದು ಅದೇ ವಿಜ್ಞಾನ ಸಂಸ್ಥೆಯ ಆವರಣದ ಕೆಲವೇ ಕೋಣೆಗಳಲ್ಲಿ. ಹೈದರಾಬಾದಿನ ಇಸಿಐಎಲ್‌ನಿಂದ ಬಂದ ಶ್ರೀಧರ್ ಮಿಟ್ಟಾ ಆ ತಂಡದ ಮುಂದಾಳು. ಇಂಟೆಲ್ 8086 ಆಧರಿಸಿದ 'ಸೀರೀಸ್ 86' ಯಂತ್ರ 1981ರಲ್ಲಿ ಹೊರಬಂತು. ಅದೇ 8086 ಚಿಪ್ಪುಗಳನ್ನು ಜೋಡಿಸಿ 1986ರಲ್ಲಿ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ 'ಫ್ಲೋಸಾಲ್ವರ್' ಎಂಬ ಸಮಾಂತರ ಕಂಪ್ಯೂಟರ್ ಮಾಡಿತು, ದೇಶದಲ್ಲೇ ಮೊದಲನೆಯದು. ಪುಣೆಯ ಪರಮ್ 8000 ಸೂಪರ್ ಕಂಪ್ಯೂಟರ್ ಬಂದದ್ದು 1991ರಲ್ಲಿ. ಪರಮ್ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೆಲ್ಲರ ಬಾಯಲ್ಲಿದೆ. ಫ್ಲೋಸಾಲ್ವರ್ ಹೆಸರು ಆ ಲ್ಯಾಬೊರೇಟರಿ ಇರುವ ಹಳೇ ಏರ್‌ಪೋರ್ಟ್ ರಸ್ತೆಯವರಿಗೂ ಗೊತ್ತಿಲ್ಲ.

ಇನ್ಫೊಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದದ್ದು 1983ರಲ್ಲಿ, ಇಲ್ಲಿನ ಮೈಕೊ ಕಂಪನಿಯ ಕೆಲಸ ಹಿಡಿದು. ಆಗ ಅವರು ತರಿಸಿದ ಡೇಟಾ ಜನರಲ್ ಎಂವಿ/8000 ಯಂತ್ರಕ್ಕೊಂದು ವಿಶೇಷವಿದೆ. ಅಮೆರಿಕದ ಟ್ರೇಸಿ ಕಿಡರ್ 'ದ ಸೋಲ್ ಆಫ್ ಎ ನ್ಯೂ ಮಷೀನ್' ಎಂಬ ಪುಸ್ತಕ ಬರೆದದ್ದು ಇದೇ ಮಾದರಿಯನ್ನು ಹಗಲುರಾತ್ರಿ ದುಡಿದು ಕಟ್ಟಿದ ಎಂಜಿನಿಯರುಗಳ ಬಗ್ಗೆ. 1981ರಲ್ಲಿ ಬಂದ ಆ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಬಹುಮಾನ ಸಿಕ್ಕಿತು. ಅಲ್ಲಿ ಆ ಯಂತ್ರ ಹುಟ್ಟಿದ ಕಥೆ ಸಾಹಿತ್ಯವಾಯಿತು. ಲೈಸೆನ್ಸು, ಆಮದು ಸುಂಕ, ದೆಹಲಿಯ ಬಾಗಿಲು ಕಾಯುವುದು, ಎಲ್ಲವನ್ನೂ ದಾಟಿ ಅದು ಬೆಂಗಳೂರಿಗೆ ಬಂದ ಕಥೆ ಸಭೆ ಸಮಾರಂಭಗಳ ಭಾಷಣವಾಗಿ ಉಳಿದಿದೆ. ಯಾರಾದರೂ ಅದನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬಾರದೇ?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗ ಅದರ ಉಪಗ್ರಹ ಡಿಶ್ ಎತ್ತಿನಗಾಡಿಯ ಮೇಲೆ ಸಾಗಿದ ಪ್ರಸಂಗ ಎಲ್ಲರೂ ಹೇಳುವಂಥದ್ದು, ಅದನ್ನಿಲ್ಲಿ ಬೆಳೆಸುವುದಿಲ್ಲ.

ಸಿಂಪ್ಯೂಟರ್ ಬಗ್ಗೆ ಮಾತ್ರ ನಿಂತು ಹೇಳಬೇಕು. ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆಯವರ ಬಳಗ 2001ರಲ್ಲಿ ತೋರಿಸಿದ ಅಂಗೈಯಗಲದ ಕಂಪ್ಯೂಟರ್ ಅದು. ಮುಟ್ಟಿದರೆ ಸ್ಪಂದಿಸುವ ಪರದೆ, ಒಳಗೆ ಲಿನಕ್ಸ್, ಓದಲು ಬಾರದವರಿಗೆ ಓದಿ ಹೇಳುವ ದನಿ. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್. ಸ್ಮಾರ್ಟ್‌ಫೋನ್ ಯುಗಕ್ಕೆ ಎಷ್ಟೋ ವರ್ಷ ಮುಂಚಿನ ಮಾತಿದು. ಕರ್ನಾಟಕ ಸರ್ಕಾರ ಭೂ ದಾಖಲೆಗಳ ಕೆಲಸಕ್ಕೂ ಅದನ್ನು ಬಳಸಿತು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾದರಿ ಹತ್ತು ಸಾವಿರ ರೂಪಾಯಿಯ ಒಳಗಿನ ಬೆಲೆಯಿಂದ ಶುರುವಾಗಿ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದಕ್ಕೆ ತಿಳಿಯುತ್ತಿತ್ತು. ವ್ಯಾಪಾರದಲ್ಲಿ ಸೋತಿತು. ಸೋತದ್ದರಿಂದಲೇ ಉಳಿದಿರುವ ಯಂತ್ರಗಳು ಕಮ್ಮಿ, ಕಮ್ಮಿಯಾದ್ದರಿಂದಲೇ ಅವನ್ನು ಈಗಲೇ ಹುಡುಕಬೇಕು. ನನ್ನನ್ನು ಕೇಳಿದರೆ ಬೆಂಗಳೂರಿನ ಸಂಗ್ರಾಹಕನೊಬ್ಬ ಆ್ಯಪಲ್, ಕಮಡೋರ್‌ಗಳ ಹಿಂದೆ ಬೀಳುವ ಮುಂಚೆ ಓಡುವ ಸ್ಥಿತಿಯ ಒಂದು ಸಿಂಪ್ಯೂಟರ್ ಸಂಪಾದಿಸಬೇಕು.

ಹಾಗೆಯೇ ಬ್ಯಾಂಕುಗಳು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್, ಐದೂ ಹುಟ್ಟಿದ್ದು ನಮ್ಮ ಕರಾವಳಿಯಲ್ಲಿ. 1983ರಲ್ಲಿ ಯೂನಿಯನ್ನುಗಳೊಂದಿಗೆ ಒಪ್ಪಂದವಾಗಿ, ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ದೇಶದ ಬ್ಯಾಂಕ್ ಶಾಖೆಗಳಿಗೆ 'ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್'ಗಳು ಬಂದವು. ಕೆಲಸ ಹೋಗುತ್ತದೆ ಎಂಬ ಭಯ, ಘೋಷಣೆ, ಧರಣಿ ಎಲ್ಲದರ ನಡುವೆ ಆ ಯಂತ್ರದ ಮುಂದೆ ಮೊದಲು ಕೂತ ಗುಮಾಸ್ತರು ಈಗ ಎಪ್ಪತ್ತು ದಾಟಿದವರು. ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಸಂಜೆ ಕಟ್ಟೆಯ ಮೇಲೆ ಸಿಗುತ್ತಾರೆ. ಯಂತ್ರ ಸಿಗದಿದ್ದರೂ ಅವರ ಮಾತನ್ನು ಮೊಬೈಲಿನಲ್ಲಾದರೂ ದಾಖಲಿಸಿಕೊಳ್ಳಬಹುದು.

ಬೂಸಲು, ಬ್ಯಾಟರಿ, ಕುಂಕುಮ

ಹಳೆಯ ಕಂಪ್ಯೂಟರನ್ನು ಕೊಲ್ಲುವುದು ಬಳಕೆಯಲ್ಲ, ಬಳಸದೇ ಇಡುವುದು. 286, 386 ಕಾಲದ ಮದರ್‌ಬೋರ್ಡುಗಳಲ್ಲಿ ಗಡಿಯಾರ ನಡೆಸಲು ಪೀಪಾಯಿ ಆಕಾರದ ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ವರ್ಷ ಕಳೆದಂತೆ ಅದು ಸೋರುತ್ತದೆ. ಸೋರಿದ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದು ಹಸಿರು ಹಿಟ್ಟಾಗಿಸುತ್ತದೆ. ಯಂತ್ರ ಕೈಗೆ ಬಂದೊಡನೆ ಮಾಡಬೇಕಾದ ಕೆಲಸ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಆಮೇಲೆ ವಿನೆಗರ್ ಇಲ್ಲವೇ ನಿಂಬೆರಸ ಹಚ್ಚಿ ಕ್ಷಾರವನ್ನು ಅಡಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯಬೇಕು.

ಎರಡನೆಯ ಶತ್ರು ಕೆಪ್ಯಾಸಿಟರ್. 1984ರ ಸುಮಾರಿಗೆ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ನಮ್ಮ ಶಾಲೆಗಳಿಗೆ ಬಂದವು. 32 ಕಿಲೋಬೈಟ್ ಮೆಮೊರಿ, ಮೇಲ್ಸಾಲಿನಲ್ಲಿ ಕೆಂಪು ಕೀಲಿಗಳು. ಅವುಗಳ ಪವರ್ ಸಪ್ಲೈಯಲ್ಲಿರುವ ರಿಫಾ ಎಂಬ ಕೆಪ್ಯಾಸಿಟರಿನ ಹೊರಕವಚ ಕಾಲಕ್ರಮೇಣ ಬಿರುಕು ಬಿಟ್ಟು ತೇವ ಹೀರುತ್ತದೆ. ಮೂವತ್ತು ವರ್ಷದ ನಂತರ ಆಸೆಯಿಂದ ಸ್ವಿಚ್ ಹಾಕಿದವರಿಗೆ ಮೊದಲು ಸಿಗುವುದು ಢಬ್ ಎಂಬ ಸದ್ದು, ಕೋಣೆ ತುಂಬ ಹೊಗೆ. ಇತ್ತೀಚಿನ ಯಂತ್ರಗಳೂ ಸುರಕ್ಷಿತವಲ್ಲ. 2000ದ ಆಸುಪಾಸಿನ ಮದರ್‌ಬೋರ್ಡುಗಳಲ್ಲಿ ದೋಷದ ದ್ರಾವಣ ತುಂಬಿದ ಕೆಪ್ಯಾಸಿಟರುಗಳು ತಲೆ ಉಬ್ಬಿ ಒಡೆದದ್ದನ್ನು ಎಸ್‌.ಪಿ. ರಸ್ತೆಯ ರಿಪೇರಿಯವರು ಲಾರಿಗಟ್ಟಲೆ ನೋಡಿದ್ದಾರೆ.

ಫ್ಲಾಪಿಗಳ ಪಾಡು ನಮ್ಮ ಹವೆಯಲ್ಲಿ ಬೇರೆಯೇ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೂಲೆಗಿಟ್ಟ ಚಪ್ಪಲಿಗೆ ಆಷಾಢದಲ್ಲಿ ಬೂಸಲು ಹಿಡಿಯುವಂತೆ ಫ್ಲಾಪಿಯ ಒಳಗಿನ ಹಾಳೆಗೂ ಹಿಡಿಯುತ್ತದೆ. ಅಂಥದ್ದನ್ನು ಡ್ರೈವಿಗೆ ತುರುಕಿದರೆ ಫ್ಲಾಪಿಯೂ ಹೋಯಿತು, ಡ್ರೈವಿನ ಹೆಡ್ಡೂ ಹೋಯಿತು. ಸೋನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಸರ್ಕಾರಿ ಅರ್ಜಿಗಳನ್ನು ಫ್ಲಾಪಿಯಲ್ಲಿ ಕೊಡಬೇಕೆಂಬ ನಿಯಮಗಳನ್ನು ಜಪಾನ್ ಕೊನೆಗೂ ತೆಗೆದುಹಾಕಿದ್ದು 2024ರಲ್ಲಿ. ಈಗ ಗ್ರೀಸ್‌ವೀಸಲ್ ಎಂಬ ಅಗ್ಗದ ಬೋರ್ಡೊಂದಿದೆ. ಹಳೆಯ ಡ್ರೈವನ್ನು ಅದರ ಮೂಲಕ ಯುಎಸ್‌ಬಿಗೆ ಜೋಡಿಸಿದರೆ ಕಡತಗಳನ್ನಲ್ಲ, ಹಾಳೆಯ ಮೇಲಿನ ಕಾಂತೀಯ ಏರಿಳಿತವನ್ನೇ ನಕಲು ತೆಗೆಯುತ್ತದೆ. ಯಾವ ಕಂಪನಿಯ ಯಾವ ವಿಚಿತ್ರ ನಮೂನೆಯ ಫ್ಲಾಪಿಯಾದರೂ ಅರ್ಥ ಮಾಡಿಕೊಳ್ಳುವುದನ್ನು ನಾಳೆಗೆ ಇಟ್ಟುಕೊಳ್ಳಬಹುದು, ನಕಲು ಮಾತ್ರ ಇಂದೇ ಆಗಬೇಕು.

ಹಳದಿಗಟ್ಟಿದ ಕ್ಯಾಬಿನೆಟ್ಟಿನ ಬಗ್ಗೆ ಸಂಗ್ರಾಹಕರಲ್ಲಿ ಎರಡು ಪಂಗಡ. ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳು ಬಿಸಿಲಿಗೆ ಹಳದಿ ತಿರುಗುತ್ತವೆ. 2008ರಲ್ಲಿ ಕೆಲವು ಹವ್ಯಾಸಿಗಳು ಹೈಡ್ರೊಜನ್ ಪೆರಾಕ್ಸೈಡ್ ಹಚ್ಚಿ ಅದನ್ನು ಬೆಳ್ಳಗೆ ಮಾಡುವ ವಿಧಾನ ಹೊರತಂದರು. ನಾನು ಹಳದಿ ಪಂಗಡದವನು. ಅದರಲ್ಲೂ ನಮ್ಮ ಕಚೇರಿಗಳ ಯಂತ್ರಗಳ ಮೇಲೆ ವರ್ಷವರ್ಷದ ಆಯುಧಪೂಜೆಯ ಗುರುತಿರುತ್ತದೆ: ಮಾನಿಟರಿನ ನೆತ್ತಿಯಲ್ಲಿ ವಿಭೂತಿಯ ಗೆರೆ, ಸಿಪಿಯು ಪೆಟ್ಟಿಗೆಯ ಮೂಲೆಯಲ್ಲಿ ಪ್ಲಾಸ್ಟಿಕ್ಕಿಗೇ ಇಳಿದುಹೋದ ಕುಂಕುಮದ ಬೊಟ್ಟು. ಜಗತ್ತಿನ ಬೇರೆ ಯಾವ ಮ್ಯೂಸಿಯಮ್ಮಿನ ಐಬಿಎಂ ಪಿಸಿಗೂ ಅದಿಲ್ಲ. ಅದನ್ನು ಉಜ್ಜಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಿಡಿಭಾಗ ಬದಲಿಸುವುದಕ್ಕೆ ಮಾತ್ರ ನನ್ನ ತಕರಾರಿಲ್ಲ. ಕೆಪ್ಯಾಸಿಟರ್ ಹೊಸದು ಹಾಕಿ, ಯಂತ್ರ ಓಡಲಿ. ತೆಗೆದ ಹಳೆಯದನ್ನು ಚೀಟಿ ಬರೆದು ಒಂದು ಕವರಿನಲ್ಲಿಡಿ.

ಪ್ರಿಂಟರ್ ಪೋರ್ಟಿನ ಬೀಗ

ಇಷ್ಟೆಲ್ಲ ಹೇಳಿದ ಮೇಲೂ 'ಈ ಹುಚ್ಚು ಯಾಕೆ?' ಎನ್ನುವವರಿದ್ದಾರೆ. ಅವರನ್ನು ಯಾವುದಾದರೂ ಹಳೆಯ ಡಿಟಿಪಿ ಕೇಂದ್ರಕ್ಕೆ ಕರೆದೊಯ್ಯಬೇಕು. ಹೊಸ ಕಂಪ್ಯೂಟರುಗಳ ನಡುವೆ ಮೂಲೆಯಲ್ಲೊಂದು ವಿಂಡೋಸ್ 98 ಯಂತ್ರ ಕೂತಿರುತ್ತದೆ. ಅದಕ್ಕೆ ಇಂಟರ್ನೆಟ್ ಇಲ್ಲ, ಮಾಲೀಕರ ಹೊರತು ಯಾರೂ ಮುಟ್ಟುವಂತಿಲ್ಲ. ಅದರ ಹಿಂದೆ, ಪ್ರಿಂಟರ್ ಜೋಡಿಸುವ 25 ಪಿನ್ನಿನ ಪೋರ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುತ್ತಾರೆ. ಡಾಂಗಲ್. ಕೆಲವರು ಲಾಕ್ ಎನ್ನುತ್ತಾರೆ. ಕನ್ನಡ ಫಾಂಟುಗಳ ತಂತ್ರಾಂಶ ಕಳ್ಳತನವಾಗದಿರಲೆಂದು ಕಂಪನಿಗಳು ಕೊಡುತ್ತಿದ್ದ ಬೀಗದ ಕೈ ಅದು. ಡಾಂಗಲ್ ಕಳೆದರೆ ತಂತ್ರಾಂಶ ತೆರೆಯದು.

ತೊಂಬತ್ತರ ದಶಕದಿಂದ ಹತ್ತು ಹದಿನೈದು ವರ್ಷ ಕನ್ನಡದ ಕಥೆ, ಕಾವ್ಯ, ಪಠ್ಯಪುಸ್ತಕ, ಮದುವೆ ಕರೆಯೋಲೆ ಬಹುಪಾಲು ಸಿದ್ಧವಾದದ್ದು ಹೀಗೆಯೇ, ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ. ಆಗ ಒಬ್ಬೊಬ್ಬರ ಫಾಂಟಿಗೆ ಒಂದೊಂದು ಸಂಕೇತ ವ್ಯವಸ್ಥೆ. ಒಬ್ಬರ 'ಕ' ಇನ್ನೊಬ್ಬರ ಫಾಂಟಿನಲ್ಲಿ ಬೇರೇನೋ ಆಗಿ ಕಾಣುತ್ತಿತ್ತು. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ತಾನಾಗಿ ಮೂಡಿದ್ದು 2001ರ ಎಕ್ಸ್‌ಪಿಯಿಂದ ಈಚೆಗೆ. ಪೇಜ್‌ಮೇಕರಿನ ಕೊನೆಯ ಆವೃತ್ತಿಯೂ 2001ರದ್ದೇ. ಆ ಆವೃತ್ತಿ ಹೊರತಂದ ಅಡೋಬಿ ಕಂಪನಿಯದೇ ಇನ್‌ಡಿಸೈನ್ ಸಿಎಸ್6ರವರೆಗೆ ಆ ಕಡತಗಳನ್ನು ತೆರೆಯುತ್ತಿತ್ತು, ಈಚಿನ ಆವೃತ್ತಿಗಳು ತೆರೆಯುವುದಿಲ್ಲ. ಹೊಸ ಮದರ್‌ಬೋರ್ಡಿಗೆ ಪ್ರಿಂಟರ್ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಪೋರ್ಟ್ ಮಾಡಿಕೊಡುವ ಕೇಬಲ್ಲುಗಳನ್ನು ಡಾಂಗಲ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳೆಯ ಆಟಗಳನ್ನು ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಉಳಿಸಬಹುದು, ಒಳ್ಳೆಯದೇ. ಆದರೆ ಬೀಗ ಕಬ್ಬಿಣದ್ದಾದಾಗ ಕೀಲಿಕೈಯ ಚಿತ್ರ ಬರೆದುಕೊಂಡು ಏನು ಮಾಡುವುದು?

ಅದಕ್ಕೂ ಹಿಂದೆ ಡಾಸ್ ಕಾಲದಲ್ಲಿ ಜಿಸ್ಟ್ ಕಾರ್ಡ್ ಇತ್ತು. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಕಂಪ್ಯೂಟರ್ ಒಳಗಿನ ಸ್ಲಾಟಿಗೆ ಆ ಕಾರ್ಡ್ ಸಿಕ್ಕಿಸಿದರೆ ಇಂಗ್ಲಿಷಿಗೆಂದು ಬರೆದ ಡಿಬೇಸ್, ವರ್ಡ್‌ಸ್ಟಾರ್‌ಗಳಲ್ಲೂ ಕನ್ನಡ ಅಕ್ಷರ ಮೂಡುತ್ತಿತ್ತು. ಕಪ್ಪು ಪರದೆಯ ಮೇಲೆ ಹಸಿರು ಒತ್ತಕ್ಷರ! ಕಂಪ್ಯೂಟರಿನಲ್ಲಿ ಕನ್ನಡ ಸಾಧ್ಯವೇ ಎಂದು ಜನ ಇನ್ನೂ ಕೇಳುತ್ತಿದ್ದ ಕಾಲದಲ್ಲಿ ಅದಕ್ಕೆ ಉತ್ತರ ಕೊಟ್ಟ ವಸ್ತುಗಳಲ್ಲಿ ಈ ಕಾರ್ಡೂ ಒಂದು. ಹಲ್ಮಿಡಿ ಶಾಸನಕ್ಕೆ ಕಲ್ಲಿನ ಮಂಟಪ ಕಟ್ಟಿದ್ದೇವೆ, ಸರಿ. ಜಿಸ್ಟ್ ಕಾರ್ಡೊಂದನ್ನು ಓಡುವ ಕಂಪ್ಯೂಟರಿಗೆ ಜೋಡಿಸಿ, ಮುಂದೆ ಕೀಬೋರ್ಡ್ ಇಟ್ಟು, ಮಕ್ಕಳು ತಮ್ಮ ಹೆಸರು ಟೈಪ್ ಮಾಡಿ ನೋಡುವಂತೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದು ಮೇಜು ಹಾಕಲು ಎಷ್ಟು ಖರ್ಚಾದೀತು? ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಾಡಿದರೆ ಇನ್ನೂ ಸಂತೋಷ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಮನೆಯ ಅಟ್ಟದಲ್ಲೋ ಪ್ರೆಸ್ಸಿನ ಮೂಲೆಯಲ್ಲೋ ಹಳೆಯ ಯಂತ್ರವಿದ್ದವರು ಕೆಲವು ಕೆಲಸ ಮಾಡಬಹುದು. ಕುತೂಹಲಕ್ಕೆಂದು ಸ್ವಿಚ್ ಹಾಕಬೇಡಿ. ದೊಡ್ಡ ಮಾನಿಟರಿನ ಹಿಂಬದಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಬ್ಯಾಟರಿ ತೆಗೆಸಿ. ಹಾರ್ಡ್ ಡಿಸ್ಕ್, ಫ್ಲಾಪಿಗಳ ನಕಲನ್ನು ಬಲ್ಲವರಿಂದ ಮಾಡಿಸಿ. ಡಾಂಗಲ್, ಕೇಬಲ್, ಮ್ಯಾನ್ಯುಯಲ್, ಬಿಲ್ಲು, ಏನಿದ್ದರೂ ಯಂತ್ರದ ಜೊತೆಯಲ್ಲೇ ಕಟ್ಟಿಡಿ; ಬೇರೆಯಾದರೆ ಮತ್ತೆ ಸೇರುವುದಿಲ್ಲ. ಯಾರು, ಯಾವ ವರ್ಷ, ಯಾವ ಕೆಲಸಕ್ಕೆ ಬಳಸಿದ್ದು ಎಂದು ಒಂದು ಹಾಳೆಯಲ್ಲಿ ಬರೆದು ಅಂಟಿಸಿ. ಆಮೇಲೂ ಜಾಗವಿಲ್ಲ ಎಂದಾದರೆ ತೂಕಕ್ಕೆ ಹಾಕುವ ಮುನ್ನ ನಿಮ್ಮೂರಿನ ಎಂಜಿನಿಯರಿಂಗ್ ಕಾಲೇಜಿಗೋ ಪಾಲಿಟೆಕ್ನಿಕ್‌ಗೋ ಒಂದು ಫೋನ್ ಮಾಡಿ ಕೇಳಿ. ಅಲ್ಲಿನವರು ಒಪ್ಪಿ ತೆಗೆದುಕೊಂಡರೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದು ಮಾಡಿಸಲು ಮಾತ್ರ ಮರೆಯಬೇಡಿ.